ಮೂರು ಹಗೇವಿನ ಠೇವಣಿ

ಬ್ಯಾಂಕು ಮುಳುಗಿದರೂ ಮೂವತ್ತು ಸಾವಿರ ರೂಪಾಯಿವರೆಗಿನ ಠೇವಣಿಗೆ ವಿಮೆ ಇದೆ ಎಂದು ತಿಳಿದ ದಿನ ನಾನು ನಿಶ್ಚಿಂತೆಯಿಂದ ಮಲಗಿದೆ. ನನ್ನ ಉಳಿತಾಯ ಆ ಮಿತಿ ಮುಟ್ಟಬೇಕಾದರೆ ಇನ್ನೆರಡು ಜನ್ಮ ಎತ್ತಿ ಬೊಮ್ಮಸಂದ್ರದ ಕಾರ್ಖಾನೆಯಲ್ಲೇ ಲೆಕ್ಕ ಬರೆಯಬೇಕಿತ್ತು. ಕಾನೂನು ಇಷ್ಟು ಧಾರಾಳವಾಗಿ ಕಂಡದ್ದು ನನಗೆ ಅದೇ ಮೊದಲು.

ಎಂಬತ್ತರ ದಶಕದ ಆರಂಭ ಅದು. ಸಿಂಗಸಂದ್ರದಲ್ಲಿ ನಾನಿದ್ದ ಬಾಡಿಗೆ ಮನೆ ಪಿಳ್ಳಮ್ಮನವರದು. ಗಂಡ ತೀರಿಕೊಂಡಿದ್ದರು, ರಾಗಿ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ಪರಿಹಾರವಾಗಿ ಬಂದ ತೊಂಬತ್ತು ಸಾವಿರವನ್ನು ಅವರು ಒಂದು ಸಹಕಾರಿ ಬ್ಯಾಂಕಿನ ಮೂರು ಶಾಖೆಗಳಲ್ಲಿ ಮೂವತ್ತು ಮೂವತ್ತರಂತೆ ಇಟ್ಟಿದ್ದರು.

ವಿಮೆಯ ಮಾತು ಅವರ ಕಿವಿಗೂ ಬಿದ್ದಿತ್ತು. ಆದರೆ ಹಂಚುವ ಬುದ್ಧಿ ಹಗೇವಿನದು. ಹಗೇವು ಎಂದರೆ ರಾಗಿ ತುಂಬಿ ಮುಚ್ಚಿಡುವ ನೆಲದೊಳಗಿನ ಗುಂಡಿ. ಅವರ ಮನೆತನದಲ್ಲಿ ವರ್ಷದ ರಾಗಿಯನ್ನು ಒಂದೇ ಹಗೇವಿಗೆ ಸುರಿದವರಿಲ್ಲ.

“ಒಂದ್ ಅಗೇವಿಗೆ ನೀರ್ ನುಗ್ಗುದ್ರೂ ಇನ್ನೆರಡು ಇರ್ತವಲ್ಲ ಸಾಮಿ” ಎಂದಿದ್ದರು. ನನಗೂ ಸರಿಯೆನಿಸಿತ್ತು.

ಬ್ಯಾಂಕು ಬಾಗಿಲು ಮುಚ್ಚಿತು. ಶಾಖೆ ಮೂರಾದರೂ ಬ್ಯಾಂಕು ಒಂದೇ, ಠೇವಣಿ ಇಟ್ಟವರ ಹೆಸರು ಒಂದೇ, ಆದ್ದರಿಂದ ವಿಮೆಯೂ ಒಂದೇ ಎಂದು ವಿಮೆಯವರಿಂದ ಉತ್ತರ ಬಂತು. ಬಹಳ ಕಾಲ ಓಡಾಡಿದ ಮೇಲೆ ಕೈಗೆ ಸಿಕ್ಕಿದ್ದು ಮೂವತ್ತು ಸಾವಿರ.

ನನಗೋ ತಿಳಿದದ್ದನ್ನು ವಿವರಿಸುವ ಚಟ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಪಿಳ್ಳಮ್ಮನವರ ಎದುರು ಕೂತು ಮಿತಿಯ ಮರ್ಮ ಹೇಳಿದೆ. ಮಿತಿ ತೀರಾ ಹೆಚ್ಚಾದರೆ ಯಾವ ಬ್ಯಾಂಕು ಎಂಥದ್ದು ಎಂದು ಜನ ನೋಡುವುದೇ ಇಲ್ಲ, ಆಡಳಿತದವರು ಭಾವಮೈದುನರಿಗೆಲ್ಲ ಸಾಲ ಕೊಟ್ಟು ಕೂರುತ್ತಾರೆ. ತೀರಾ ಕಡಿಮೆಯಾದರೆ ಸಣ್ಣ ಗಾಳಿಮಾತಿಗೂ ಜನ ಗಾಬರಿಬಿದ್ದು ಬ್ಯಾಂಕಿಗೆ ಓಡುತ್ತಾರೆ. ಹಾಗಾಗಿ ಬಹುಪಾಲು ಜನರ ಉಳಿತಾಯಕ್ಕೆ ಸಾಕಾಗುವಷ್ಟು ಇದ್ದರೆ ನ್ಯಾಯ ಎಂದೆ.

ಅವರು ಕಾಯಿ ಬಿಡಿಸುತ್ತಲೇ ಎಲ್ಲವನ್ನೂ ಕೇಳಿದರು.

“ಬೆಳೆ ಓದ್ರೆ ಬಿತ್ತನೆ ಕೊಟ್ರೆ ಸಾಕು ಸಾಮಿ, ಮುಂದಿನ್ ವರ್ಸ ಬೆಳ್ಕೊತೀವಿ. ನಂದು ಓಗಿರೋದು ಒಲ. ಅದುಕ್ಕೆ ಎಷ್ಟು ಕೊಟ್ರೆ ನ್ಯಾಯ?”

ತಿಂಗಳ ಸಂಬಳದವನಿಗೆ ಉಳಿತಾಯವೆಂದರೆ ಬೆಳೆ, ಹೋದರೆ ಮತ್ತೆ ಬಂದೀತು. ಹೊಲ ಕೊಟ್ಟವರಿಗೆ ಠೇವಣಿಯೇ ಹೊಲ. ಇಬ್ಬರನ್ನೂ ಒಂದೇ ಸೇರಿನಲ್ಲಿ ಅಳೆದದ್ದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಪಿಳ್ಳಮ್ಮನವರು ಆ ಮೂವತ್ತು ಸಾವಿರವನ್ನು ಮೂರು ಬೇರೆ ಬೇರೆ ಬ್ಯಾಂಕುಗಳಲ್ಲಿ ಇಟ್ಟರು. ಅಂದಿನಿಂದ ಅವರ ಒಂದೊಂದು ಪೈಸೆಗೂ ವಿಮೆಯಿತ್ತು. ಮಿತಿಯೊಳಗೆ ಅವರನ್ನು ಹಿಡಿಸಲು ಮೂರರಲ್ಲಿ ಎರಡು ಪಾಲು ಹೊಲ ಹೋಗಬೇಕಾಯಿತು, ಅಷ್ಟೇ.