ರಾಜಮಂಡ್ರಿಯ ನ್ಯಾಯ

ಅನಕಾಪಲ್ಲಿಯಲ್ಲಿ ಯಾರೋ ಪುಣ್ಯಾತ್ಮರು ಬೆಲ್ಲದ ಚೀಲವೊಂದನ್ನು ನನ್ನ ಸೀಟಿನಡಿ ತಳ್ಳಿದರು. ಸ್ವಲ್ಪ ಹೊತ್ತಿಗೆ ಇಡೀ ಬೋಗಿ ಆಲೆಮನೆಯಾಯಿತು. ಬೆಲ್ಲದ ವಾಸನೆಗೆ ನಿಮಗೆ ಹೋಳಿಗೆ ನೆನಪಾಗಬಹುದು. ನನಗೆ ವಿಚ್ಛೇದನ ನೆನಪಾಗುತ್ತದೆ. ನಗಬೇಡಿ, ಕಾರಣವಿದೆ.

ಎರಡು ಸಾವಿರದ ಇಸವಿ ಕಳೆದ ಹೊಸತರ ಮಾತು. ಆಗ ನಾನು ವಿಶಾಖಪಟ್ಟಣದ ಗಾಜುವಾಕದ ಬಾಡಿಗೆ ಮನೆಯಲ್ಲಿದ್ದುಕೊಂಡು ಕಾರ್ಖಾನೆಗೆ ಹೋಗುತ್ತಿದ್ದ ಇಂಜಿನಿಯರ್. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಪ್ರಾಣಿ ನಾನೇ. ಹೀಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೇಳದೆ ಇರುವ ತಾಕತ್ತೂ ಇಲ್ಲ. ರಜೆಯಿಡೀ ಹತ್ತಿ ಗಿರಣಿಯಲ್ಲಿ ಮೂಟೆ ಹೊತ್ತು, ಮೈಗೆ ಅಂಟಿದ ಹತ್ತಿ ಕೊಡವಿಕೊಂಡು ಓದಿ ಪಡೆದ ಡಿಗ್ರಿ ಅದು. ತೊಂದರೆಯೆಂದರೆ, ನಮ್ಮ ರಾಯಚೂರು ಕಡೆಯ ಜನ ಡಿಗ್ರಿಯಿಂದ ಏನೇನೋ ನಿರೀಕ್ಷಿಸುತ್ತಾರೆ. ಪಂಪ್‌ಸೆಟ್ ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು, ಹೆಣ್ಣು ನೋಡಲು ಹೋಗುವಾಗಲೂ ನನ್ನನ್ನೇ. ಹೀಗಾಗಿ ವೀರೇಶನ ಸಂಸಾರ ಕೆಟ್ಟಾಗಲೂ ನನಗೇ ಕರೆ ಬಂತು.

ವೀರೇಶ ನನ್ನ ಶಿಫ್ಟಿನವನು, ನಮ್ಮ ಕಡೆಯವನೇ. ಹೆಂಡತಿ ಶೋಭಾ ವಿಜಯವಾಡದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಹಿಡಿದು ಆಗಲೇ ಅಲ್ಲಿ ಮನೆ ಮಾಡಿದ್ದಳು. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ, ಅಷ್ಟೇ. ಬೇರೆಯಾಗುವುದಕ್ಕೆ ಇಬ್ಬರದೂ ಒಪ್ಪಿಗೆ. ಮದುವೆಯಾದ ಮೇಲೆ ಅವರು ಒಪ್ಪಿದ ಮೊದಲ ವಿಷಯ ಅದೇ ಇರಬೇಕು. ಒಪ್ಪಿಗೆಯಾಗದೆ ಉಳಿದದ್ದು ಮಗಳು ಸ್ಫೂರ್ತಿ. ಐದನೇ ಕ್ಲಾಸು, ಎರಡು ಜಡೆ, ಗಾಜುವಾಕದಲ್ಲೇ ಬೆಳೆದವಳು. ಗೆಳತಿಯರ ಜೊತೆ ಜಗಳಕ್ಕೆ ತೆಲುಗು, ಮನೆಯಲ್ಲಿ ಊಟ ಕೇಳುವುದಕ್ಕೆ ಕನ್ನಡ.

ವಕೀಲರು ಮೊದಲೇ ಎಚ್ಚರಿಸಿದ್ದರು: ನೀವು ತೀರ್ಮಾನಿಸದಿದ್ದರೆ ಜಡ್ಜಮ್ಮ ಮಗುವನ್ನೇ ಕರೆದು ಕೇಳುತ್ತಾರೆ. ಆ ಮಾತಿಗೆ ಇಬ್ಬರೂ ಚುನಾವಣೆಗೆ ನಿಂತವರಂತಾದರು. ವೀರೇಶ ಸೈಕಲ್ ತಂದ. ಶೋಭಾ ಕೃಷ್ಣಾ ನದಿಯಲ್ಲಿ ದೋಣಿ ವಿಹಾರದ ಆಶ್ವಾಸನೆ ಕೊಟ್ಟಳು. ವಿಜಯವಾಡದಲ್ಲಿ ಸಮುದ್ರ ಎಲ್ಲಿದೆ ಎಂದು ಇವನು ಕೇಳಿದರೆ, ಸಮುದ್ರ ಬಂದು ಹೋಂವರ್ಕ್ ಮಾಡಿಸುತ್ತದೆಯೇ ಎಂದು ಅವಳು.

ಪಂಚಾಯ್ತಿ ಗುರುಪಾದಪ್ಪನವರ ಮನೆಯಲ್ಲಿ ಕೂಡಿತು. ಕಾರ್ಖಾನೆಯಿಂದ ನಿವೃತ್ತರಾದ ಅವರು ಅಲ್ಲಿದ್ದ ಕನ್ನಡದವರಿಗೆಲ್ಲ ಹಿರಿಯರು. ಯಾರು ಬಂದರೂ, ಯಾವುದಕ್ಕೆ ಬಂದರೂ, ಬಾಗಿಲಲ್ಲೇ ಬೆಲ್ಲ ನೀರು. ಅಂದೂ ಶೋಭಾ ಮತ್ತು ವೀರೇಶ ಒಂದೇ ತಟ್ಟೆಯಿಂದ ಬೆಲ್ಲದ ಚೂರು ತೆಗೆದುಕೊಂಡು, ಕಟಕಟ ಕಡಿದು, ಜಗಳ ಶುರುಮಾಡಿದರು. ಸ್ಫೂರ್ತಿಯನ್ನು ಕಳಿಸಲು ಬೇರೆ ಜಾಗವಿರಲಿಲ್ಲ. ಗೋಡೆಗೆ ಒರಗಿ ಭೂಪಟಕ್ಕೆ ಬಣ್ಣ ತುಂಬುತ್ತ ಕೂತಿದ್ದಳು.

ಇಲ್ಲಿ ನಮ್ಮ ಜಾಣತನವನ್ನು ನೀವು ಮೆಚ್ಚಬೇಕು. ಪಕ್ಕದ ಮನೆಯವರಿಗೆ ತಿಳಿಯಬಾರದೆಂದು ತೆಲುಗು ಬಿಟ್ಟು ಕನ್ನಡದಲ್ಲಿ ಮಾತಾಡಿದೆವು. ಮಗುವಿಗೆ ತಿಳಿಯಬಾರದ್ದು ಬಂದಾಗ ಇಂಗ್ಲಿಷಿಗೆ ಹಾರಿದೆವು. ನಮ್ಮೂರಿನಲ್ಲಿ ಮಾಸ್ತರು, ಡಾಕ್ಟರು ಗುಟ್ಟು ಮಾತಾಡುತ್ತಿದ್ದುದೇ ಹಾಗೆ. ಕಷ್ಟಪಟ್ಟು ಕಲಿತ ಇಂಗ್ಲಿಷು ಎಂದರೆ ಬೀಗ ಹಾಕಿದ ಕೋಣೆ ಎಂದೇ ನಾನು ನಂಬಿದ್ದೆ. ಆ ಕೋಣೆಯ ಬೀಗದ ಕೈಗಾಗಿಯೇ ನಾವೆಲ್ಲ ಮಕ್ಕಳನ್ನು ಕಾನ್ವೆಂಟಿಗೆ ಹಾಕಿದ್ದೇವೆಂಬುದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ನನ್ನ ತೀರ್ಪು ತಯಾರಿತ್ತು. ರೈಲಿನ ವೇಳಾಪಟ್ಟಿ ನೋಡಿ, ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ಹೆಚ್ಚುಕಡಿಮೆ ಮಧ್ಯೆ ಇರುವ ರಾಜಮಂಡ್ರಿಯನ್ನು ಹಿಡಿದಿದ್ದೆ. ಮಗು ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ತಿಂಗಳ ಕೊನೆಗೆ ಇವನು ರಾಜಮಂಡ್ರಿಗೆ ಒಯ್ಯಬೇಕು, ಅವಳು ಪ್ಲಾಟ್‌ಫಾರ್ಮಿನಲ್ಲಿ ಇಸಿದುಕೊಳ್ಳಬೇಕು. ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಶಾಲೆ? ಅದಕ್ಕೂ ಏನಾದರೂ ಮಾಡಿದರಾಯಿತು. ಗುರುಪಾದಪ್ಪನವರು ತಲೆದೂಗಿದರು. ನಾನು ಉಬ್ಬಿ, ಮೊಹರು ಒತ್ತುವವನಂತೆ ಹೇಳಿದೆ:

"ಚೈಲ್ಡ್ ವಿಲ್ ಅಡ್ಜಸ್ಟ್."

"ಐ ವಿಲ್ ನಾಟ್," ಅಂದಿತು ಗೋಡೆ.

ಸ್ಫೂರ್ತಿ ಬಣ್ಣದ ಪೆನ್ಸಿಲನ್ನು ಕೆಳಗಿಟ್ಟಿರಲಿಲ್ಲ. ನನ್ನನ್ನೇ ನೋಡಿ ಕೇಳಿದಳು: "ಮಾಮಾ, ರಾಜಮಂಡ್ರ್ಯಾಗ ನಮ್ಮವರು ಯಾರದಾರ?"

ಇಡೀ ನ್ಯಾಯದಲ್ಲಿ ಅವಳಿಗೆ ಸಿಕ್ಕಿದ್ದು ಯಾರೂ ಇಲ್ಲದ ಒಂದು ಪ್ಲಾಟ್‌ಫಾರ್ಮು. ವೀರೇಶ ನೆಲ ನೋಡಿದ. ಶೋಭಾ ಬಾಯಲ್ಲಿದ್ದ ಬೆಲ್ಲವನ್ನು ಅಗಿಯುವುದು ಬಿಟ್ಟಳು.

ಗುರುಪಾದಪ್ಪನವರೇ ಚೇತರಿಸಿಕೊಂಡು, "ಹಂಗಾರ ನಿನಗ ಯಾರು ಬೇಕು ಹೇಳವ್ವಾ," ಅಂದರು.

"ಅದನ್ನ ಕೇಳಬ್ಯಾಡ್ರಿ ತಾತಾ. ಅದನ್ನೇ ಇಬ್ಬರೂ ದಿನಾ ಕೇಳ್ತಾರ. ಒಬ್ಬರ ಹೆಸರು ಹೇಳಿದ್ರ ಇನ್ನೊಬ್ಬರು ಅಳ್ತಾರ ಕದಾ." ಕೊನೆಯ ಆ ‘ಕದಾ’, ನಮ್ಮ ‘ಅಲ್ಲವೇ’, ಜಗಳದ ತೆಲುಗಿನಲ್ಲೇ ಬಂತು. ಆಮೇಲೆ ಇಡೀ ಹೊತ್ತು ನಾವು ಹಿರಿಯರು ಬಾಯಿ ಮುಚ್ಚಿಕೊಂಡಿದ್ದೆವು. ಅಂದು ನಾವು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಅವಳು ಕೇಳಿದ್ದು ದೊಡ್ಡದೇನಲ್ಲ. ವರ್ಷದ ಪರೀಕ್ಷೆ ಮುಗಿಯುವವರೆಗೆ ಈ ಶಾಲೆ, ಈ ಗೆಳತಿಯರು. ಆಮೇಲೆ ಅಮ್ಮನ ಹತ್ತಿರ, ರಜೆಗೆ ಅಪ್ಪನ ಹತ್ತಿರ. ಕರೆಯಲು ಬರುವವರು ಅರ್ಧ ದಾರಿಗಲ್ಲ, ಮನೆಯ ಬಾಗಿಲಿಗೆ ಬರಬೇಕು. ಮತ್ತೆ, ಅಲ್ಲಿ ಅಪ್ಪ ಏನಂದ, ಇಲ್ಲಿ ಅಮ್ಮ ಏನಂದಳು ಎಂದು ಯಾರೂ ತನ್ನನ್ನು ಕೇಳಬಾರದು. "ಏನರ ಹೇಳೂದಿದ್ರ ಫೋನ್ ಮಾಡ್ಕೋರಿ. ನಾ ಏನು ಪೋಸ್ಟ್‌ಮ್ಯಾನಾ?"

ಜಡ್ಜಮ್ಮನೂ ಅವಳನ್ನು ತಮ್ಮ ಕೋಣೆಗೆ ಕರೆಸಿ ಒಬ್ಬಳನ್ನೇ ಮಾತಾಡಿಸಿದರು. ಬಹುಮಟ್ಟಿಗೆ ಅವಳು ಕೇಳಿದಂತೆಯೇ ಆಯಿತು. ಏನು ಕೇಳಿದರು ಎಂದು ನಾನು ಹೊರಗೆ ಅಡ್ಡಗಟ್ಟಿದಾಗ, "ಅದು ನಂದೂ ಅವರ್ದೂ ಮಾತು," ಎಂದು ದಾರಿ ಬಿಡಿಸಿಕೊಂಡು ಹೋದಳು. ವೀರೇಶ ಎಷ್ಟೋ ವರ್ಷ ರಜೆ ರಜೆಗೂ ವಿಜಯವಾಡದವರೆಗೆ ಹೋದ. ಆ ಬಿಸಿಲನ್ನು ಬೈಯುತ್ತಲೇ ಹೋದ. ಹೋಗುವುದನ್ನು ಮಾತ್ರ ಬಿಡಲಿಲ್ಲ.

ಈಗ ಸ್ಫೂರ್ತಿಗೆ ವಿಜಯವಾಡದಲ್ಲಿ ಸ್ವಂತ ನೌಕರಿ, ಹೊಸ ಮನೆ. ನಾಳೆ ಹಾಲು ಉಕ್ಕಿಸುತ್ತಾಳೆ. ಅಪ್ಪ, ಅಮ್ಮ ಇಬ್ಬರಿಗೂ ಕರೆ ಹೋಗಿದೆ, ನನಗೂ ಬಂದಿದೆ; ಅದಕ್ಕೇ ಈ ರೈಲು. ಆ ಪುಟ್ಟ ಪಡಸಾಲೆಯಲ್ಲಿ ಇಬ್ಬರ ಕುರ್ಚಿಗಳನ್ನು ಎಲ್ಲಿ ಹಾಕಬೇಕು, ನಡುವೆ ನಾನು ಹೇಗೆ ಕೂರಬೇಕು ಎಂದು ಅನಕಾಪಲ್ಲಿಯಿಂದ ಇಲ್ಲಿಯವರೆಗೆ ನಾನೊಂದು ನಕ್ಷೆ ತಯಾರಿಸಿದ್ದೇನೆ. ಡಿಗ್ರಿ ಸುಮ್ಮನಿರಲು ಬಿಡಬೇಕಲ್ಲ.

ರೈಲು ನಿಂತಾಗ ಫೋನು ಬಂತು. ಎಲ್ಲಿದ್ದೀರಿ ಎಂದು ಕೇಳಿದಳು. ರಾಜಮಂಡ್ರಿ ಅಂದೆ.

"ಇಳೀಬ್ಯಾಡ್ರಿ ಮಾಮಾ. ಅಲ್ಲಿ ನಮ್ಮವರು ಯಾರೂ ಇಲ್ಲ."

ಇಬ್ಬರೂ ನಕ್ಕೆವು. ನಕ್ಷೆ ನಾಲಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. "ನಾಳೆ ಅಪ್ಪ ಅಮ್ಮನ್ನ ಎಲ್ಲಿ ಕೂಡಸಬೇಕಂತೀ?" ಎಂದು ಕೇಳಿದೆ. ಅವಳು ಹೇಳತೊಡಗಿದಳು. ಅಷ್ಟರಲ್ಲಿ ರೈಲು ಗೋದಾವರಿಯ ಸೇತುವೆಗೆ ಏರಿ ಧಡಧಡ ಸದ್ದಿನಲ್ಲಿ ಅವಳ ದನಿ ಮುಳುಗಿತು.

"ತಡಿಯವ್ವಾ," ಅಂದೆ ಫೋನನ್ನು ಕಿವಿಗೆ ಒತ್ತಿಕೊಂಡು, "ಸೇತುವೆ ದಾಟ್ಲಿ. ಮೊದಲಿಂದ ಹೇಳು."