ವಿಮಾನಕ್ಕೆ ಬಣ್ಣ ಬಳಿದವಳ ಮಗ

ದಕ್ಷಿಣ ಕೊರಿಯಾದ ಮೋಕ್ಪೊ ಬಂದರಿನಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಹಳೆಯ ಚಿತ್ರಮಂದಿರದ ಹಿತ್ತಿಲಲ್ಲಿ ಪ್ಯೋ ಗಿಲ್‌ಸು ಏಣಿ ಹತ್ತಿ, ಸಿನಿಮಾ ಹಲಗೆಯಲ್ಲಿನ ಆಳೆತ್ತರದ ಮುಖವೊಂದರ ಮೇಲೆ ಬಿಳಿ ಬಣ್ಣ ಬಳಿಯುತ್ತಿದ್ದಾರೆ. ಮೊದಲು ಕನ್ನಡಕ ಅಳಿಸಿಹೋಗುತ್ತದೆ, ಆಮೇಲೆ ನಗು. ಹಿಂದಿರುವ ಯುದ್ಧವಿಮಾನ ಇನ್ನೂ ಉಳಿದಿದೆ.

ಅರವತ್ತಾರರ ಗಿಲ್‌ಸು ನಲವತ್ತೆಂಟು ವರ್ಷಗಳಿಂದ ಚಿತ್ರಮಂದಿರದ ಮುಂದೆ ನಿಲ್ಲಿಸುವ ಸಿನಿಮಾ ಹಲಗೆ ಬರೆಯುತ್ತಿದ್ದಾರೆ. ಊರಿನಲ್ಲಿ ಕೈಯಿಂದ ಬರೆಯುವವರು ಈಗ ಇವರೊಬ್ಬರೇ. ಒಂದು ಹಲಗೆಗೆ ನಾಲ್ಕು ದಿನದ ಕೆಲಸ. ಚಿತ್ರ ಬದಲಾದರೆ ಅದರ ಮೇಲೆಯೇ ಮತ್ತೊಂದು. ಎಲ್ಲಿಯೂ ತಮ್ಮ ಹೆಸರು ಹಾಕಿದವರಲ್ಲ.

ಈ ಸಲ ಬಂದದ್ದು ಜಪಾನಿನ ಚಿತ್ರ. ಯುದ್ಧವಿಮಾನದ ನಕ್ಷೆ ಬರೆದವನೇ ಅದರ ನಾಯಕ. "ಕೊಲ್ಲೋ ಯಂತ್ರ ಮಾಡಿದವನಿಗೆ ಹಾರ ಹಾಕ್ತೀರಾ?" ಎಂದು ಕಾಲೇಜು ವಿದ್ಯಾರ್ಥಿಗಳು ಚಿತ್ರಮಂದಿರದ ಬಾಗಿಲಲ್ಲಿ ನಿಂತರು. ಮಂದಿರದ ಒಡತಿ ಓಕ್ ಸನ್‌ಹೀ ಅದನ್ನು ಒಪ್ಪದೆ ಗಿಲ್‌ಸು ಕಡೆ ತಿರುಗಿದರು. "ಅವನು ಚೆಂದದ ವಿಮಾನದ ಕನಸು ಕಂಡವನು ಅಣ್ಣಾ, ಯುದ್ಧ ಮಾಡಿದ್ದು ಬೇರೆಯವರು. ಜನ ನೋಡಿ ತೀರ್ಮಾನಿಸಲಿ," ಎಂದರು. ಹಲಗೆಗೆ ಕೈ ಹಚ್ಚುವ ಮುನ್ನ ಗಿಲ್‌ಸು ಮನೆಗೆ ಹೋದರು.

ಮನೆಯಲ್ಲಿ ತೊಂಬತ್ತಮೂರರ ತಾಯಿ ಬುನ್‌ಸುನ್ ಇದ್ದಾರೆ. ಯುದ್ಧದ ಕಾಲದಲ್ಲಿ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿದ್ದಾಗ, ಹೈಸ್ಕೂಲು ಓದಿಸುತ್ತೇವೆಂದು ನಂಬಿಸಿ, ಹದಿಮೂರನೇ ವಯಸ್ಸಿನಲ್ಲಿ ಅವರನ್ನು ಜಪಾನಿನ ವಿಮಾನ ಕಾರ್ಖಾನೆಗೆ ಸಾಗಿಸಿದ್ದರು. ಓದೂ ಇಲ್ಲ, ಸಂಬಳವೂ ಇಲ್ಲ. ಬೆಳಗಿನಿಂದ ಕತ್ತಲಾಗುವವರೆಗೆ ವಿಮಾನದ ರೆಕ್ಕೆಗೆ ಬಣ್ಣ ಬಳಿಯಬೇಕಿತ್ತು. ಬಣ್ಣಕ್ಕೆ ಬೆರೆಸುವ ತಿನ್ನರ್ ಘಾಟಿಗೆ ಮೂಗು ಸತ್ತುಹೋಯಿತು. ತಿರುಗಿ ಬಂದ ಮೇಲೆ ಸೈನಿಕರ ಬಳಿಗೆ ಒಯ್ದಿದ್ದರೆಂದು ಊರು ಕಥೆ ಕಟ್ಟೀತೆಂದು ಹೆದರಿ, ಗಂಡನಿಗೂ ಬಾಯಿ ಬಿಡಲಿಲ್ಲ.

"ನಾನು ಕೆಲಸ ಕಲಿಯೋವಾಗ ಮೈಯೆಲ್ಲ ತಿನ್ನರ್ ನಾತ ಹೊತ್ಕೊಂಡು ಬರ್ತಿದ್ದೆ," ಎನ್ನುತ್ತಾರೆ ಗಿಲ್‌ಸು. "ಅಪ್ಪ ಬೈತಿದ್ದ, ಅಮ್ಮ ಪಕ್ಕದಲ್ಲೇ ಕೂತು ಅನ್ನ ಬಡಿಸ್ತಿದ್ಳು. ನನ್ಮೇಲಿನ ಪ್ರೀತಿಗೆ ಸಹಿಸ್ಕೊಳ್ತಾಳೆ ಅಂದ್ಕೊಂಡಿದ್ದೆ. ಅವಳಿಗೆ ವಾಸನೆನೇ ಬರಲ್ಲ ಅಂತ ಗೊತ್ತಾಗಿದ್ದು, ನಂಗೆ ಐವತ್ತಾದ್ಮೇಲೆ ಅವಳೇ ಎಲ್ಲಾ ಬಾಯಿ ಬಿಟ್ಟಾಗ."

ಒಡತಿಯ ಮಾತು ಕೇಳಿ ಬಂದ ದಿನ ಅವರು ಚಿತ್ರದ ಸಂಗತಿ ಹೇಳಿ ತಾಯಿಯನ್ನೇ ಕೇಳಿದರು: "ನೀನು ಬೇಡ ಅಂದ್ರೆ ಬರೆಯಲ್ಲಮ್ಮ."

"ಬರಿಯೋ. ಅವನು ಗೆರೆ ಎಳೆದ, ನಾವು ಬಣ್ಣ ಬಳಿದ್ವಿ. ಸಿನಿಮಾದಲ್ಲಿ ನಾವಿದ್ದೀವಾ, ನೋಡ್ಕೊಂಡು ಬಾ."

ಚಿತ್ರ ತೆರೆಕಂಡ ಮೊದಲ ದಿನವೇ ಗಿಲ್‌ಸು ಕೊನೆಯ ಸಾಲಿನಲ್ಲಿ ಕೂತು ನೋಡಿದರು. ಹುಲ್ಲುಗಾವಲಿತ್ತು, ಗಾಳಿಯಿತ್ತು, ಪ್ರೇಮವಿತ್ತು. ವಿಮಾನವಂತೂ ಬಲು ಚೆಂದವಿತ್ತು; ಅದನ್ನು ಹೇಳುವಾಗ ಅವರ ದನಿ ಕುಗ್ಗುತ್ತದೆ. ಬಣ್ಣದ ಡಬ್ಬ ಹಿಡಿದ ಹುಡುಗಿಯರು ಎಲ್ಲೂ ಕಾಣಲಿಲ್ಲ.

"ಮನೆಗೆ ಬಂದ್ರೆ ಅಮ್ಮ ಬಾಗಿಲಲ್ಲೇ ಕೂತಿದ್ಳು. 'ಇದ್ದೀವಾ?' ಅಂದ್ಳು. ನಾನು ಚಪ್ಪಲಿ ಬಿಡ್ತಾನೇ ಇದ್ದೆ, ತಲೆ ಎತ್ತೋಕಾಗ್ಲಿಲ್ಲ. 'ಹೋಗ್ಲಿ ಬಿಡು, ಸೂಪು ಆರೋಗುತ್ತೆ' ಅಂತ ಎದ್ದು ಒಳಗೆ ಹೋದ್ಳು."

ಆಮೇಲೆ ಆಕೆ ಆ ಚಿತ್ರದ ಮಾತೆತ್ತಿಲ್ಲ. ಚಿತ್ರಮಂದಿರದ ಬಾಗಿಲಲ್ಲಿ ಕೂಗುತ್ತಿದ್ದವರೂ ವಾರದೊಳಗೆ ಚದುರಿದರು.

ಏಣಿಯಿಂದಿಳಿದು ಗಿಲ್‌ಸು ಕುಂಚ ಒರೆಸಿಕೊಳ್ಳುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಬಿಳಿ ಬಳಿದ ಹಲಗೆಯತ್ತ ತಿರುಗುತ್ತಾರೆ.

"ಅಮ್ಮ ಇರೋವಾಗ್ಲೇ ಆ ಹುಡುಗೀರ ಬಗ್ಗೆ ಯಾರಾದ್ರೂ ಒಂದು ಸಿನಿಮಾ ಮಾಡ್ಲಿ. ಹಲಗೆ ನಾನು ಬರೀತೀನಿ. ಅವಳ ಹದಿಮೂರರ ಫೋಟೊ ಒಂದೂ ಇಲ್ಲ. ಆದ್ರೂ ಆ ಮುಖ ನನ್ನ ಕೈಗೆ ಬರುತ್ತೆ."