ದೊಡ್ಡಮ್ಮನಿಗೆ ಕೇಳಿಸಿದ ಹೆಲಿಕಾಪ್ಟರ್

ಮೊನ್ನೆ ಸಾಗರದ ಪೇಟೆಯಲ್ಲಿ ಹುರಿದ ಮೆಂತ್ಯದ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಸನಗರದ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಕಣ್ಣ ಮುಂದೆ ಬಂದು ನಿಂತರು. ಆ ದಿನವೂ ಅವರು ಮೆಂತ್ಯ ಹುರಿಯುತ್ತಿದ್ದರು...

ದೊಡ್ಡಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಯಾವುದೋ ಜ್ವರಕ್ಕೆ ಕೊಟ್ಟ ಇಂಜೆಕ್ಷನ್ನಿನಿಂದ ಹಾಗಾಯಿತಂತೆ. ಮನೆಯವರು ಊಟಕ್ಕೆ ಕೈಸನ್ನೆಯಲ್ಲಿ ಕರೆಯುತ್ತಿದ್ದರು. ಉಳಿದ ಮಾತೆಲ್ಲ ನಿಧಾನಕ್ಕೆ ನಿಂತೇಹೋಗಿತ್ತು.

ಆ ವಾರ ಎಂಥದೋ ಸರ್ವೆಗೆಂದು ಹೆಲಿಕಾಪ್ಟರೊಂದು ಮರದ ತುದಿ ಸವರುವಷ್ಟು ಕೆಳಗೆ ಹಾರತೊಡಗಿತ್ತು. ಕೇರಿಗೆ ಕೇರಿಯೇ ಹುಚ್ಚೆದ್ದಿತು! ಎದುರುಮನೆಯ ಎಮ್ಮೆ ಹಗ್ಗ ಹರಿದು ಓಡಿತು. ಶಾಲೆಯ ಮಕ್ಕಳು ಮೇಷ್ಟರನ್ನು ಬಿಟ್ಟು ಬಯಲಿಗೆ ನುಗ್ಗಿದರು. “ಒತ್ತುವರಿ ಅಳೆಯಕ್ಕೆ ಬಂದಾರೆ ಕಣ್ರೀ, ಜಾಗ ಹೋತು!” ಎಂದು ಅಂಗಡಿಯವರು ಎದೆ ಹಿಡಿದುಕೊಂಡರು. ನಾನು ಕಿವಿ ಮುಚ್ಚಿಕೊಂಡು ಓಡಿಬಂದರೆ, ದೊಡ್ಡಮ್ಮ ಸೌಟು ಹಿಡಿದು ಅಂಗಳದಲ್ಲಿ ನಿಂತಿದ್ದರು. ಒಂದು ಸುತ್ತು ಹೋಗಿ ಮರಳುತ್ತಿದ್ದ ಹೆಲಿಕಾಪ್ಟರ್ ಇನ್ನೂ ಗುಡ್ಡದಾಚೆಗಿತ್ತು. ಸೌಟು ಮಾತ್ರ ಸರಿಯಾಗಿ ಅತ್ತಲೇ ತೋರಿಸುತ್ತಿತ್ತು.

“ಕೂಸೇ, ಯಂಗೆ ಕೇಳ್ತಾ ಇದ್ದು!” ತಮಗೆ ಕೇಳಿಸುತ್ತಿದೆ ಎಂದು ನನ್ನನ್ನು ಕರೆದು ಹೇಳಿದರು.

“ನಿಂಗೊ ಎಲ್ಲ ಓಡಿದ್ದು ಕಂಡು ಹೇಳಿದ್ದು. ಕಿವಿ ಎಲ್ಲಿಂದ ಕೇಳ್ತು?” ಎಂದು ಅವರ ಮಗ ನಕ್ಕರು. ನಾನು ಬಿಡಲಿಲ್ಲ. ಅದು ಮತ್ತೆ ಬರುವ ಮೊದಲೇ ದೊಡ್ಡಮ್ಮನನ್ನು ಒಳಕೋಣೆಯಲ್ಲಿ ಕೂರಿಸಿ, ಕೇಳಿಸಿದರೆ ಕೈ ಎತ್ತಿ ಎಂದು ಸನ್ನೆ ಮಾಡಿ ಕಿಟಕಿ ಹಾಕಿದೆವು. ಸದ್ದು ಶುರುವಾದೊಡನೆ ಅವರ ಕೈ ಮೇಲೆದ್ದಿತು, ನಿಂತೊಡನೆ ಇಳಿಯಿತು. ಮಗನ ನಗು ಹಾರಿಹೋಯಿತು. ಮರುದಿನವೇ ಶಿವಮೊಗ್ಗಕ್ಕೆ ಕರೆದೊಯ್ದರು. ಹೆಲಿಕಾಪ್ಟರಿನಂಥ ದಪ್ಪ ಸದ್ದುಗಳಷ್ಟನ್ನು ಕೇಳುವ ಶಕ್ತಿ ಉಳಿದಿದೆ, ಕಿವಿಗೆ ಯಂತ್ರ ಹಾಕಿದರೆ ಮಾತೂ ಸಿಕ್ಕೀತು ಎಂದರಂತೆ ಡಾಕ್ಟರು.

ಯಂತ್ರ ಹಾಕಿಕೊಂಡು ಬಂದ ದಿನ ನಾವೆಲ್ಲ ಜಗಲಿಯಲ್ಲಿ ಅವರನ್ನು ಸುತ್ತುವರಿದು ಕೂತಿದ್ದೆವು. ಮೊಮ್ಮಗಳು “ಅಜ್ಜೀ” ಎಂದಳು. ಆ ಮಗು ಹುಟ್ಟಿದಾಗಿನಿಂದ ಅಜ್ಜಿ ಅವಳ ದನಿಯನ್ನೇ ಕೇಳಿರಲಿಲ್ಲ.

“ಹಿಂಗಿದ್ದಾ ನಿನ್ನ ದನಿ!” ದೊಡ್ಡಮ್ಮ ಅವಳನ್ನು ಎಳೆದು ತಬ್ಬಿಕೊಂಡರು. “ಮತ್ತೊಂದ್ಸಲ ಕರಿಯೇ...”

ಅಷ್ಟರಲ್ಲಿ ಹೆಲಿಕಾಪ್ಟರ್ ತಲೆಯ ಮೇಲೇ ಬಂತು. ದೊಡ್ಡಮ್ಮ ಅಂಗಳಕ್ಕಿಳಿದು ಆಕಾಶಕ್ಕೆ ಕೈ ಬೀಸಿ ಗದರಿದರು. “ಸುಮ್ನಿರೋ ಮಾರಾಯ! ಯನ್ನ ಮೊಮ್ಮಗಳ ಮಾತು ಕೇಳ್ತಿಲ್ಲೆ!” ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಗ ಮಾತ್ರ ಅಳುತ್ತಿದ್ದರು.

ಮುಂದೆ ಆ ಮನೆಯಲ್ಲಿ ಮಾತೇ ಮಾತು. ಅಜ್ಜಿಗೆ ಸರಿಯಾಗಿ ಕೇಳಲೆಂದು ಮೊಮ್ಮಗಳು ಕೂಗಿ ಕೂಗಿ ಹೇಳುತ್ತಿದ್ದಳು.

ಕಳೆದ ವರ್ಷ ದೊಡ್ಡಮ್ಮ ತೀರಿಕೊಂಡರು. ಮೊಮ್ಮಗಳು ಈಗಲೂ ಜೋರಾಗಿಯೇ ಮಾತಾಡುತ್ತಾಳೆ. ಮೆಲ್ಲಗೆ ಮಾತಾಡು ಎನ್ನಲು ಮನೆಯಲ್ಲಿ ಯಾರಿಗೂ ಬಾಯಿ ಬರುವುದಿಲ್ಲ.